ಬಿಳಿ ತೆನೆಯ ಹಳದಿ ಕಾಳು

ಅತ್ತೆ ಕಣ್ಣಿನ ಆಪರೇಷನ್ನಿಗೆ ಹೊರಟ ದಿನ ಬೆಳಿಗ್ಗೆ ಚೀಲ, ಚಪ್ಪಲಿ, ಡಾಕ್ಟರ ಚೀಟಿ ಎಲ್ಲ ಬಾಗಿಲಲ್ಲಿ ಸಾಲಾಗಿ ಜೋಡಿಸಿಟ್ಟುಕೊಂಡು, ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇದೆ ಅನ್ನುವಾಗಲೇ ಎದ್ದು ನಿಂತು, ಸೊಸೆಗೆ ಮೂರನೇ ಸಲ ಅದೇ ಮಾತು ಹೇಳಿದರು.

"ಮೊದಲು ಮೇಲಿನ ಹೊಲಕ್ಕೆ ನನ್ನ ಬಿಳೀದು. ಆಮೇಲೆ ಇಪ್ಪತ್ತೈದು ದಿನ ಬಿಟ್ಟು ಕೆಳಗಿನ ಹೊಲಕ್ಕೆ ನಿಮ್ಮ ಅಂಗಡಿ ಬೀಜ. ಇಪ್ಪತ್ತೈದು ಅಂದ್ರೆ ಇಪ್ಪತ್ತೈದು. ಎರಡೂ ಒಟ್ಟಿಗೆ ಹೂವಿಗೆ ಬರಬಾರದು."

"ಗೊತ್ತು ಅತ್ತೆ."

"ನಿಂಗೆ ಗೊತ್ತು ಅಂತ ನಂಗೂ ಗೊತ್ತು. ಮರೀಬೇಡ ಅಂತಿದೀನಿ."

"ಅಮ್ಮ, ಬಸ್ಸು ಬಿಟ್ಟುಹೋಗುತ್ತೆ," ಅಂದ ಮಗ.

"ಬಸ್ಸಿಗೆ ನಿನಗಿಂತ ತಾಳ್ಮೆ ಇದೆ ಕಣೋ," ಅಂದು ಅತ್ತೆ ಚಪ್ಪಲಿ ಮೆಟ್ಟಿದರು. ಆಪರೇಷನ್ ಆದಮೇಲೆ ಒಂದೂವರೆ ತಿಂಗಳು ಮಗಳ ಮನೆಯಲ್ಲೇ ಇದ್ದು, ಔಷಧಿ ಹಾಕಿಸಿಕೊಂಡು ಬರಬೇಕು ಅಂತ ತೀರ್ಮಾನವಾಗಿತ್ತು.

ಆ ಮನೆಯಲ್ಲಿ ಮೆಕ್ಕೆಜೋಳ ಅಂದರೆ ಎರಡು ಪಕ್ಷ. ಅತ್ತೆಯದು ಬಿಳಿ. ಹಾಲುಹಲ್ಲಿನಂಥ ಸಣ್ಣ ಕಾಳು, ಗಿಡ ಎತ್ತರ, ಇಳುವರಿ ಕಡಿಮೆ. ಮದುವೆಯಾಗಿ ಬಂದ ವರ್ಷದಿಂದ ತಪ್ಪದೆ ತಾವೇ ತೆನೆ ಆರಿಸಿ, ಒಣಗಿಸಿ, ಬೀಜ ಮಾಡಿ ಇಟ್ಟುಕೊಂಡು ಬಂದಿದ್ದರು. ಸುತ್ತಲ ಇಪ್ಪತ್ತು ಮೂವತ್ತು ಮನೆಯವರು ಬಿತ್ತನೆಗೆ ಅವರ ಹತ್ತಿರವೇ ಬರುತ್ತಿದ್ದರು. ಹಸುಗೂಸಿಗೆ ಮೊದಲ ಗಂಜಿ ಕುಡಿಸುವ ತಾಯಂದಿರು ಹಿಟ್ಟಿಗೂ ಅಲ್ಲಿಗೇ ಬರುತ್ತಿದ್ದರು. ಬೀಜದಜ್ಜಿ ಅಂದರೆ ಆ ಕಡೆ ಗೊತ್ತಿಲ್ಲದವರಿಲ್ಲ.

ಸೊಸೆಯ ಪಕ್ಷದ್ದು ಹಳದಿ. ಅಂಗಡಿಯಿಂದ ಬಂದ ಹೊಸ ಬೀಜ. ಕಾಂಡ ಕೊರೆಯುವ ಹುಳ ಅದನ್ನು ಕಚ್ಚಿದರೆ ಹುಳವೇ ಸಾಯುವ ಹಾಗೆ ಪ್ರಯೋಗಾಲಯದಲ್ಲಿ ಬೇರೊಂದು ಜೀವಿಯ ಗುಣವನ್ನು ಅದರೊಳಗೆ ಸೇರಿಸಿದ್ದರು. ಔಷಧಿ ಹೊಡೆಯುವ ಕೆಲಸವಿಲ್ಲ. ಇಳುವರಿ ಎಷ್ಟು, ರೇಟು ಎಷ್ಟು ಅಂತ ಗಂಡ ವಿಚಾರಿಸಿದ್ದ. ಸೊಸೆ ಅದೊಂದನ್ನೂ ಕೇಳಿರಲಿಲ್ಲ. ಔಷಧಿ ಹೊಡೆಯಬೇಕಾಗಿಲ್ಲ ಅನ್ನುವ ಒಂದೇ ಮಾತಿಗೆ ಅವಳು ಒಪ್ಪಿಬಿಟ್ಟಿದ್ದಳು.

ಯಾಕೆಂದರೆ ಹೊಡೆಯುತ್ತಿದ್ದವಳು ಅವಳು. ಗಂಡ ಡೈರಿಯ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ. ಬೆಳಿಗ್ಗೆ ಹೋದರೆ ಬರುವಾಗ ಸಂಜೆ. ಹೊಲದ ಕೆಲಸವೆಲ್ಲ ಹೆಂಗಸರದ್ದೇ. ಒಂಬತ್ತು ವರ್ಷ ಆ ಔಷಧಿ ಡಬ್ಬಿಯನ್ನು ಬೆನ್ನಿಗೆ ಕಟ್ಟಿಕೊಂಡು ಸಾಲು ಸಾಲು ಓಡಾಡಿದ್ದಳು. ಡಬ್ಬಿಯ ತಳ ಎಲ್ಲೋ ಸೋರುತ್ತಿತ್ತು. ಎಷ್ಟು ಸಲ ಮೇಣ ಹಚ್ಚಿದರೂ ಅಷ್ಟೇ. ಬೆನ್ನಿನ ನಡುವೆ ಅಂಗೈ ಅಗಲದ ಚರ್ಮ ಸುಲಿದು, ಕಪ್ಪಾಗಿ, ಮತ್ತೆ ಸುಲಿದು, ಬೇಸಿಗೆಯಲ್ಲಿ ರವಿಕೆ ತಾಕಿದರೂ ಉರಿಯುತ್ತಿತ್ತು. ಕೆಮ್ಮು ಹಿಡಿದರೆ ತಿಂಗಳು ಬಿಡುತ್ತಿರಲಿಲ್ಲ. ಹೋದ ವರ್ಷ ಹೊಸ ಬೀಜ ಬಂದಮೇಲೆ ಡಬ್ಬಿ ಕೊಟ್ಟಿಗೆ ಸೇರಿತ್ತು, ಬೆನ್ನು ವಾಸಿಯಾಗಿತ್ತು. ಅತ್ತೆಯ ಬಿಳಿಗೆ ಮಾತ್ರ ಔಷಧಿ ಇರಲಿಲ್ಲ. ಅದರ ಹುಳವನ್ನು ಅತ್ತೆ ಒಂದೊಂದಾಗಿ ಕೈಯಲ್ಲೇ ಹೆಕ್ಕುತ್ತಿದ್ದರು. ಅಷ್ಟು ಸಣ್ಣ ಹೊಲಕ್ಕೆ ಅದು ಸಾಗುತ್ತಿತ್ತು.

ಅತ್ತೆ ಹೋದ ನಾಲ್ಕನೇ ದಿನ ಬಾಡಿಗೆ ಟ್ರಾಕ್ಟರಿನವನು ಬಂದ. ಮೇಲಿನ ಹೊಲ ಉತ್ತು ಮುಗಿಸಿ ಕೆಳಗಿನದಕ್ಕೆ ತಿರುಗಿಸಿದ.

"ಅದು ಈಗ ಬೇಡಣ್ಣ. ಇಪ್ಪತ್ತೈದು ದಿನ ಬಿಟ್ಟು ಬಾ."

"ಇಪ್ಪತ್ತೈದು ದಿನಕ್ಕೆ ನಾನು ಎಲ್ಲಿರ್ತೀನೋ! ನಾಳೆಯಿಂದ ರಸ್ತೆ ಕೆಲಸಕ್ಕೆ ಗಾಡಿ ಮಾತಾಗಿದೆ. ಎರಡು ತಿಂಗಳು ಈ ಕಡೆ ತಲೆ ಹಾಕಲ್ಲ. ಈಗ ಬೇಕಾ, ಬೇಡ್ವಾ?"

ಅವಳು ಗಂಡನಿಗೆ ಫೋನ್ ಮಾಡಿದಳು. ಟ್ಯಾಂಕರಿನ ಗಡಗಡ ಸದ್ದಿನ ನಡುವೆ ಅವನು, "ಅಮ್ಮನ್ನ ಎದುರಿಸೋಳು ನೀನು. ನಿನ್ನಿಷ್ಟ," ಅಂದ.

ಅವಳು ಹೊಲದ ಬದುವಿನ ಮೇಲೆ ನಿಂತು ಯೋಚಿಸಿದಳು. ಮಣ್ಣು ಹದವಾಗಿತ್ತು. ಟ್ರಾಕ್ಟರಿನ ಹೊಗೆ ಮುಖಕ್ಕೆ ಬರುತ್ತಿತ್ತು. ಈ ಸಲ ಕೆಳಗಿನ ಹೊಲ ತಪ್ಪಿದರೆ ಪಾಳು. ಪಾಳು ಬಿದ್ದರೆ ಅಂಗಡಿ ಬೀಜಕ್ಕೆ ದುಡ್ಡಿಲ್ಲದೆ ಮುಂದಿನ ಸಲ ಸಿಕ್ಕಿದ ಬೀಜ ಬಿತ್ತಬೇಕು, ಸಿಕ್ಕಿದ ಬೀಜ ಅಂದರೆ ಮತ್ತೆ ಡಬ್ಬಿ.

"ಉಳು," ಅಂದಳು.

ಎರಡು ಹೊಲಕ್ಕೂ ಬಿತ್ತನೆ ಆದದ್ದು ಒಂದೇ ವಾರದಲ್ಲಿ. ಅತ್ತೆ ಫೋನಿನಲ್ಲಿ ಕೇಳಿದಾಗ, "ಬಿಳೀದು ಬಿತ್ತಾಯ್ತು ಅತ್ತೆ. ಕೆಳಗಿಂದು ನೀವು ಹೇಳಿದ ಹಾಗೆ," ಅಂದಳು. ಫೋನು ಇಟ್ಟಮೇಲೆ ಆ ಮಾತಿನಲ್ಲಿ ಸುಳ್ಳು ಎಲ್ಲಿದೆ ಅಂತ ತಾನೇ ಹುಡುಕಿದಳು. ಹುಡುಕುವಷ್ಟೇನೂ ಇರಲಿಲ್ಲ.

ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ವಾಪಸು ಬಂದರು. ಮೊಮ್ಮಗಳು, "ಅಜ್ಜಿ, ಸಿನಿಮಾದವರ ಥರ ಕಾಣ್ತೀರಾ," ಅಂದಾಗ, "ವಿಲನ್ನೋ ಹೀರೋಯಿನ್ನೋ ಅದನ್ನ ಹೇಳು ಮೊದಲು," ಅಂದರು. ಮರುದಿನವೇ ಹೊಲಕ್ಕೆ ಹೊರಟರು.

"ಕೆಳಗಿಂದೂ ಮೇಲಿಂದೂ ಒಂದೇ ಎತ್ತರ ಕಾಣುತ್ತಲ್ಲೇ?"

"ಹೊಸ ಬೀಜ ಅಲ್ವಾ ಅತ್ತೆ. ಬೇಗ ಎದ್ದುಬಿಡುತ್ತೆ."

"ಹೌದಾ?" ಅಂದರು ಅತ್ತೆ. ಕನ್ನಡಕ ತೆಗೆದು, ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಹಾಕಿಕೊಂಡರು. "ಡಾಕ್ಟರು ಎಲ್ಲಾ ಸರಿಹೋಗೋಕೆ ಇನ್ನೂ ಎರಡು ತಿಂಗಳು ಅಂದಿದಾರೆ," ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಸೊಸೆಗೆ ಅವತ್ತು ಊಟ ಸೇರಲಿಲ್ಲ.

ಎರಡು ಹೊಲವೂ ಒಂದೇ ವಾರ ಹೂವಿಗೆ ಬಂದವು. ಗಾಳಿ ಕೆಳಗಿನ ಹೊಲದ ಹೂವಿನ ಪುಡಿ ಹೊತ್ತು ಮೇಲಕ್ಕೆ ಬೀಸುತ್ತಿತ್ತು. ಆ ದಿನಗಳಲ್ಲಿ ಅವಳು ಅತ್ತೆಯನ್ನು ಮನೆಯಲ್ಲೇ ಇರಿಸಲು ಏನೇನೋ ಕೆಲಸ ಹುಟ್ಟುಹಾಕಿದಳು. ಹಾಸಿಗೆಗಳನ್ನೆಲ್ಲ ಬಿಚ್ಚಿ ಹತ್ತಿ ಬಿಸಿಲಿಗೆ ಹಾಕಿಸಿದಳು. ಡಬ್ಬಗಳನ್ನೆಲ್ಲ ಕೆಳಗಿಳಿಸಿ ತೊಳೆಸಿದಳು. "ಇದೇನು, ಮನೆ ಮಾರೋಕೆ ಹೊರಟಿದೀಯಾ?" ಅಂತ ಅತ್ತೆ ನಕ್ಕರು.

ಹೊಸ ಬೀಜದ ವಿಷಯ ಊಟದ ಹೊತ್ತಿನಲ್ಲಿ ಯಾವಾಗಲೂ ಎದ್ದೇ ಏಳುತ್ತಿತ್ತು. ಒಂದು ಮಧ್ಯಾಹ್ನ ಮಗಳ ಕಾಲೇಜಿಗೆ ರಜೆಯಿತ್ತು, ಗಂಡನೂ ಮನೆಯಲ್ಲಿದ್ದ. ಸೊಸೆ ಗಂಜಿ ಬಡಿಸುತ್ತಿದ್ದಳು.

"ಅಜ್ಜಿ, ಅದನ್ನ ಪರೀಕ್ಷೆ ಮಾಡೇ ಬಿಟ್ಟಿರೋದು," ಅಂದಳು ಮಗಳು. ಅವಳು ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಳು. "ಇಲಿಗಳಿಗೆ ತಿನ್ನಿಸಿ ನೋಡಿರ್ತಾರೆ."

"ಎಷ್ಟು ದಿನ?"

"ತೊಂಬತ್ತು ದಿನ ಅಂತ ನಮ್ಮ ಮೇಡಂ ಹೇಳಿದ್ರು."

"ನಿನಗೆ ಎಷ್ಟು ವರ್ಷ?"

"ಹದಿನೆಂಟು."

"ಇನ್ನು ಎಷ್ಟು ವರ್ಷ ತಿನ್ನಬೇಕು?"

ಮಗಳು ನಕ್ಕಳು. "ಅಜ್ಜಿ, ಇಷ್ಟು ವರ್ಷದಿಂದ ಎಷ್ಟೋ ಜನ ತಿಂತಿದಾರೆ. ತಿಂದವರಿಗೆ ಏನೂ ಆಗಿಲ್ಲ ಅಂತಾನೇ ಹೆಚ್ಚಿನ ವಿಜ್ಞಾನಿಗಳು ಹೇಳೋದು."

"ಆಗದೇ ಇರಬಹುದು. ಆಗಲಿ ಅಂತ ನಾನೇನು ಹರಕೆ ಹೊತ್ತಿಲ್ಲ," ಅಂದರು ಅತ್ತೆ. "ನನ್ನ ಚಿಂತೆ ಹೊಟ್ಟೇದಲ್ಲ. ಡಬ್ಬಿ ಔಷಧಿ ಕೆಟ್ಟದ್ದು ಅಂತ ಗೊತ್ತಾದ್ರೆ ನಾಳೆಯಿಂದ ಬೇಡ ಅನ್ನಬಹುದು. ಇದು ಹಾಗಲ್ಲ. ಇದು ಗಾಳೀಲಿ ಹೋಗುತ್ತೆ, ಇನ್ನೊಬ್ಬರ ಹೊಲದಲ್ಲಿ ಹುಟ್ಟುತ್ತೆ, ಅಲ್ಲಿಂದ ಇನ್ನೊಂದು ಕಡೆ ಹೋಗುತ್ತೆ. ಐವತ್ತು ವರ್ಷ ಆದಮೇಲೆ ತಪ್ಪಾಯ್ತು ಅಂತ ಗೊತ್ತಾದ್ರೆ ಯಾರ ಮನೆ ಬಾಗಿಲಿಗೆ ಹೋಗಿ ವಾಪಸ್ ಬಾ ಅಂತ ಕರೀತೀಯಾ?"

"ಅಮ್ಮ, ಐವತ್ತು ವರ್ಷದ ಮಾತು ಈಗ್ಯಾಕೆ? ಗಂಜಿ ಆರ್ತಿದೆ," ಅಂದ ಗಂಡ.

ಸೊಸೆಯ ಕೈಯಲ್ಲಿ ಸೌಟು ಹಾಗೇ ನಿಂತಿತ್ತು. ಹೂವಿಗೆ ಬಂದ ಎರಡು ಹೊಲ ಕಣ್ಣೆದುರು ಬಂದು, ಭಯ ಸಿಟ್ಟಾಗಿ ಹೊರಗೆ ಬಂತು.

"ಐವತ್ತು ವರ್ಷ ಆದಮೇಲೆ ಯಾರಿಗೋ ಏನೋ ಆಗುತ್ತೆ ಅಂತ ನಿಮಗೆ ಚಿಂತೆ. ಒಂಬತ್ತು ವರ್ಷ ನನ್ನ ಬೆನ್ನಿಗೆ ಆಗಿದ್ದು ನಿಮ್ಮ ಕಣ್ಣೆದುರಿಗೇ ಆಯ್ತಲ್ಲ ಅತ್ತೆ? ಡಬ್ಬಿ ಹೊತ್ತಿದ್ದು ನೀವಲ್ಲ."

ಅತ್ತೆ ತಟ್ಟೆಯಲ್ಲಿದ್ದದ್ದನ್ನು ನಿಧಾನವಾಗಿ ಮುಗಿಸಿ, ತಟ್ಟೆ ತೊಳೆದಿಟ್ಟು, "ಹೌದು, ನಾನಲ್ಲ," ಅಂದು ಹಿತ್ತಲಿಗೆ ಹೋದರು.

ತೆನೆ ಬಲಿತ ಮೇಲೆ ಮೊದಲ ಬುಟ್ಟಿ ಮುರಿದು ತಂದವಳು ಸೊಸೆ. ಕೊಟ್ಟಿಗೆಯಲ್ಲಿ ಕೂತು ಮೊದಲ ತೆನೆಯ ಸಿಪ್ಪೆ ಬಿಡಿಸಿದಳು. ಬಿಳಿ ಕಾಳುಗಳ ನಡುವೆ ಅಲ್ಲೊಂದು ಇಲ್ಲೊಂದು ಹಳದಿ. ಎರಡನೆಯದನ್ನು ಬಿಡಿಸಿದಳು. ಅದರಲ್ಲಿ ಏಳು. ಮೂರನೆಯದು ಅರ್ಧಕ್ಕರ್ಧ ಹಳದಿ, ಯಾರೋ ಅರಿಶಿನದ ಕೈಯಲ್ಲಿ ಹಿಡಿದ ಹಾಗೆ.

ಆಮೇಲೆ ಮಾಡಿದ ಕೆಲಸ ನೆನೆಸಿಕೊಂಡರೆ ಅವಳಿಗೆ ಈಗಲೂ ಮುಖ ಬಿಸಿಯಾಗುತ್ತದೆ. ತರಕಾರಿ ಹೆಚ್ಚುವ ಚಿಕ್ಕ ಚಾಕು ತಂದು, ಅದರ ತುದಿಯಲ್ಲಿ ಹಳದಿ ಕಾಳುಗಳನ್ನು ಒಂದೊಂದಾಗಿ ಮೀಟಿ ತೆಗೆದಳು. ತೆಗೆದದ್ದನ್ನು ಕೋಳಿಗಳಿಗೆ ಎರಚಿದಳು. ತೀರಾ ಕೆಟ್ಟ ತೆನೆಗಳನ್ನು ಒಲೆಗೆ ಹಾಕಿದಳು. ಹೀಗೆ ಮೂರು ದಿನ. ಹೆಬ್ಬೆರಳಿನಲ್ಲಿ ಬೊಬ್ಬೆ ಎದ್ದಿತು. ಕೋಳಿಗಳು ಅವಳ ಸೀರೆಯ ಸೆರಗು ಕಂಡರೆ ಸಾಕು, ಓಡಿ ಬರುತ್ತಿದ್ದವು.

ನಾಲ್ಕನೇ ದಿನ ಅತ್ತೆ ಕೊಟ್ಟಿಗೆಗೆ ಬಂದರು. ಕಪ್ಪು ಕನ್ನಡಕ ಇರಲಿಲ್ಲ. ಬುಟ್ಟಿಯಿಂದ ಒಂದು ತೆನೆ ಎತ್ತಿ, ಬಾಗಿಲಿನ ಬೆಳಕಿಗೆ ಹಿಡಿದು, ಬೆರಳು ಆಡಿಸಿದರು.

"ಇದೇನೇ, ತೆನೆಗೆ ಹಲ್ಲು ಬಿದ್ದಿದೆ?"

"ಹಕ್ಕಿ ಇರಬೇಕು ಅತ್ತೆ."

"ಸಿಪ್ಪೆ ಬಿಡಿಸದೆ ಕಾಳು ತಿನ್ನೋ ಹಕ್ಕಿ?"

ಇನ್ನೊಂದು ಎತ್ತಿದರು. ಮತ್ತೊಂದು. ಆಮೇಲೆ ಬಗ್ಗಿ, ಕೋಳಿ ಕಾಲಡಿಯಲ್ಲಿ ಬಿದ್ದಿದ್ದ ಒಂದು ಹಳದಿ ಕಾಳನ್ನು ಹೆಕ್ಕಿ, ತೆನೆಯ ಒಂದು ಖಾಲಿ ಗುಳಿಗೆ ಕೂರಿಸಿದರು. ಕಾಳು ಸರಿಯಾಗಿ ಕೂತಿತು.

"ಯಾವತ್ತು ಬಿತ್ತಿದೆ ಕೆಳಗಿನ ಹೊಲ?"

"ಅದೇ ವಾರ." ಅವಳು ಚಾಕು ಕೆಳಗಿಟ್ಟಳು. "ಟ್ರಾಕ್ಟರಿನವನು ಆಮೇಲೆ ಬರಲ್ಲ ಅಂದ. ಪಾಳು ಬೀಳ್ತಿತ್ತು. ಹೇಳೋಣ ಅಂತಿದ್ದೆ ಅತ್ತೆ, ಹೇಳೋಕೆ ಬಾಯಿ ಬರಲಿಲ್ಲ."

"ಫೋನಲ್ಲಿ ಬಾಯಿ ಬಂತಲ್ಲ?"

ಅತ್ತೆ ಬುಟ್ಟಿಯ ಅಂಚು ಹಿಡಿದುಕೊಂಡು ನೆಲಕ್ಕೆ ಕೂತರು. ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

"ನನ್ನ ಕಣ್ಣೇ ಸರಿಯಿಲ್ಲ ಅಂದುಕೊಂಡೆ ನಾನು," ಅಂದರು ಅತ್ತೆ. "ಹೊಲ ನೋಡಿ ಬಂದು, ಡಾಕ್ಟರು ಏನೋ ಕೆಡಿಸಿಬಿಟ್ಟ ಅಂತ ಒಳಗೊಳಗೇ ಹೆದರಿಕೊಂಡಿದ್ದೆ. ಅದಾದರೂ ಹೇಳಬಹುದಿತ್ತು ನೀನು."

ಸಂಜೆ ಗಂಡ ಬಂದವನು ಇಬ್ಬರ ಮುಖ ನೋಡಿ, ವಿಷಯ ಕೇಳಿ, "ನಾಲ್ಕು ಹಳದಿ ಕಾಳಿಗೆ ಇಷ್ಟು ದೊಡ್ಡ ರಾಮಾಯಣವಾ? ಆರಿಸಿ ಬಿಸಾಕಿದ್ರೆ ಆಯ್ತಪ್ಪ," ಅಂದ. ತಾಯಿಯೂ ಹೆಂಡತಿಯೂ ಒಟ್ಟಿಗೇ ಅವನ ಕಡೆ ತಿರುಗಿದರು. ಅವನು ಟವೆಲು ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಹೋದ. ಸ್ನಾನ ಬಹಳ ಹೊತ್ತು ಹಿಡಿಯಿತು.

ಅತ್ತೆ ಐದಾರು ದಿನ ಸೊಸೆಯ ಹತ್ತಿರ ಬೇಕಾದಷ್ಟೇ ಮಾತಾಡಿದರು. ಉಪ್ಪು ಕೊಡು. ಹಾಲು ಉಕ್ತಿದೆ. ಅಷ್ಟೆ. ಅದಕ್ಕಿಂತ ಹೆಚ್ಚಿನದು ಹೇಳಬೇಕಿದ್ದರೆ ಮೊಮ್ಮಗಳ ಮೂಲಕ. "ನಿಮ್ಮಮ್ಮನಿಗೆ ಹೇಳು, ಸೋಪು ಮುಗಿದಿದೆ ಅಂತ." ಎರಡು ಅಡಿ ದೂರದಲ್ಲಿ ನಿಂತ ಅಮ್ಮನಿಗೆ ಮಗಳು, "ಅಮ್ಮ, ಸೋಪು ಮುಗಿದಿದೆಯಂತೆ," ಅನ್ನುವಳು. ಹೀಗೆ ಮೂರು ದಿನ ಕಳೆದ ಮೇಲೆ ಮಗಳು, "ನನಗೇನು ಸಂಬಳ ಕೊಡ್ತೀರಾ ಇಬ್ಬರೂ ಸೇರಿ?" ಅಂತ ರೇಗಿದಳು.

ಬಿತ್ತನೆ ಬೀಜಕ್ಕೆ ಜನ ಬರುವ ಕಾಲ ಬಂತು. ಆ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ನಾಲ್ಕು ಜನ ಸೇರಿದ್ದರು. ಪಕ್ಕದ ಹೊಲದ ರೇಡಿಯೋ ಮಾವ ಒಬ್ಬ. ಬಾಯಿಗೆ ಬಿಡುವೇ ಕೊಡದ ಅವನಿಗೆ ಆ ಹೆಸರು ಬಂದು ಎಷ್ಟೋ ವರ್ಷವಾಗಿತ್ತು. ಇನ್ನಿಬ್ಬರು ಅಕ್ಕತಂಗಿಯರು ಬೀಜಕ್ಕೆ ಬಂದಿದ್ದರು. ಆಸ್ಪತ್ರೆಯ ನರ್ಸು ಏಳು ತಿಂಗಳ ಮಗುವನ್ನು ಸೊಂಟದಲ್ಲಿ ಕೂರಿಸಿಕೊಂಡು ಹಿಟ್ಟಿಗೆ ಬಂದಿದ್ದಳು. ಸೊಸೆ ಒಳಗೆ ಪಾತ್ರೆ ತಿಕ್ಕುತ್ತಿದ್ದಳು.

"ಈ ವರ್ಷ ಬೀಜ ಇಲ್ಲ," ಅನ್ನುವ ಅತ್ತೆಯ ದನಿ ಕೇಳಿಸಿತು. "ಹಿಟ್ಟೂ ಇಲ್ಲ. ಬೆರಕೆ ಆಗಿಬಿಟ್ಟಿದೆ."

"ಬೀಜದಜ್ಜಿ ಬೀಜ ಬೆರಕೇನಾ?" ಅಂದ ರೇಡಿಯೋ ಮಾವ. "ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು?"

"ನಂದೇ ತಪ್ಪು. ಕಣ್ಣು ಸರಿ ಇರಲಿಲ್ಲ. ದಿನ ಲೆಕ್ಕ ತಪ್ಪಿ ಹೋಯ್ತು."

ಸೊಸೆಯ ಕೈ ನಿಂತಿತು. ಅತ್ತೆ ಯಾವತ್ತೂ ದಿನ ತಪ್ಪಿದವರಲ್ಲ. ಜಗಲಿಯಲ್ಲಿ ಕೂತವರಿಗೂ ಅದು ಗೊತ್ತು. ಆದರೂ ಅಕ್ಕತಂಗಿಯರಲ್ಲಿ ದೊಡ್ಡವಳು, "ಪಾಪ, ವಯಸ್ಸಾಯ್ತಲ್ಲ. ಇನ್ನು ಅಜ್ಜಿ ಕೈಲಿ ಆಗಲ್ಲ ಬಿಡು," ಅಂತ ತಂಗಿಗೆ ಹೇಳಿದ್ದು ಪಿಸುಮಾತಾದರೂ ಒಳಗಿನವರೆಗೆ ಕೇಳಿತು.

ಅವಳು ಬೂದಿ ಹತ್ತಿದ ಕೈಯಲ್ಲೇ ಹೊರಗೆ ಬಂದಳು.

"ಅತ್ತೇದಲ್ಲ ತಪ್ಪು, ನಂದು. ಇಪ್ಪತ್ತೈದು ದಿನ ಬಿಡು ಅಂತ ಮೂರು ಸಲ ಹೇಳಿ ಹೋಗಿದ್ದರು. ನಾನು ಬಿಡಲಿಲ್ಲ. ಮೇಲೆ ಸುಳ್ಳು ಹೇಳಿದೆ. ಅವರ ಕಣ್ಣಿಗೇನೂ ಆಗಿಲ್ಲ, ನಿಮಗಿಂತ ಚೆನ್ನಾಗಿ ಕಾಣುತ್ತೆ."

ರೇಡಿಯೋ ಮಾವನೂ ಒಂದು ಗಳಿಗೆ ಬಾಯಿ ಮುಚ್ಚಿದ. ಅತ್ತೆ, "ನಿನ್ನ ಯಾರು ಕರೆದರು ಇಲ್ಲಿಗೆ?" ಅಂದರು. ಆದರೆ ದನಿಯಲ್ಲಿ ಗಡಸು ಇರಲಿಲ್ಲ.

ನರ್ಸು ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡಳು. "ಔಷಧಿ ಹೊಡೆದು ಎಚ್ಚರ ತಪ್ಪಿ ಬರೋರನ್ನ ನಾನು ಪ್ರತಿ ಸೀಸನ್ನಲ್ಲೂ ನೋಡ್ತೀನಿ," ಅಂದಳು. "ನಿಮ್ಮನ್ನೂ ಒಂದು ಸಲ ಮಲಗಿಸಿದ್ದು ನೆನಪಿದೆ. ನಿಮ್ಮನ್ನ ಬಯ್ಯೋಕೆ ನಂಗೆ ಬಾಯಿ ಬರಲ್ಲ. ಆದ್ರೆ ಈಗ ಇವಳಿಗೆ ಏನು ಕುಡಿಸಲಿ, ಅದನ್ನ ಹೇಳಿ."

"ಹಳದೀದು ಕುಡಿಸಿದ್ರೂ ಏನೂ ಆಗಲ್ಲವಂತೆ, ನಮ್ಮ ಹುಡುಗಿ ಹೇಳ್ತಾಳೆ," ಅಂದರು ಅತ್ತೆ. "ಅವಳು ಓದಿದವಳು, ಸರಿ ಇರಬಹುದು. ಆದ್ರೆ ನೀನು ನನ್ನ ಹತ್ತಿರ ಬಂದಿರೋದು ಹಳೇದು ಬೇಕು ಅಂತ. ಹಳೇದು ಅಂತ ಹೇಳಿ ಬೇರೆ ಕೊಡಲಾರೆ." ಒಳಗೆ ಹೋಗಿ, ಮನೆಗೆ ಅಂತ ಎತ್ತಿಟ್ಟಿದ್ದ ಹೋದ ವರ್ಷದ ಬಿಳಿ ಹಿಟ್ಟಿನ ಡಬ್ಬವನ್ನೇ ತಂದು ನರ್ಸಿನ ಚೀಲಕ್ಕೆ ಸುರಿದರು.

ಆವತ್ತಿನಿಂದ ಮನೆಯಲ್ಲಿ ಬೆರಕೆ ಹಿಟ್ಟಿನ ಗಂಜಿ. ಮೊದಲ ದಿನ ಸೊಸೆ, "ನಿಮಗೆ ಬೇರೆ ಏನಾದರೂ ಮಾಡ್ತೀನಿ ಅತ್ತೆ," ಅಂದಳು.

"ಹಾಕು ಹಾಕು. ನನಗೆ ಎಪ್ಪತ್ತೆರಡು. ಮುಂದೆ ಏನಾಗುತ್ತೆ ಅಂತ ನನ್ನ ಮೇಲೆ ಪರೀಕ್ಷೆ ಮಾಡಿದರೆ, ಉತ್ತರ ಬರೋದ್ರೊಳಗೆ ಇಲಿಯೇ ಇರಲ್ಲ."

ಮಗಳು ನಕ್ಕು ಗಂಜಿ ಮೂಗಿಗೆ ಹತ್ತಿಸಿಕೊಂಡಳು. ಸೊಸೆಗೂ ನಗು ಬಂತು. ನಗುತ್ತಲೇ ಕಣ್ಣು ಒದ್ದೆಯಾಗಿ, ಸೌಟು ಇಟ್ಟು ಒಳಗೆ ಹೋದಳು. ಅತ್ತೆ ಬೆನ್ನ ಹಿಂದೆಯೇ ಕೂಗಿದರು, "ಉಪ್ಪು ಕಮ್ಮಿ ಆಗಿದೆ ಕಣೇ." ಈ ಸಲ ಮೊಮ್ಮಗಳಿಗೆ ಹೇಳಿ ಕಳಿಸಲಿಲ್ಲ.

ಮೇಲಿನ ಹೊಲದ ಇನ್ನೊಂದು ತುದಿಯಲ್ಲಿ ದಟ್ಟವಾದ ಬೇಲಿಯ ಮರೆಗೆ ಗಾಳಿ ಅಷ್ಟಾಗಿ ಹೋಗುತ್ತಿರಲಿಲ್ಲ. ಅಲ್ಲಿನ ತೆನೆಗಳನ್ನು ಅತ್ತೆ ಸೊಸೆ ಇಬ್ಬರೂ ಕೂತು ಒಂದೊಂದಾಗಿ ತಿರುಗಿಸಿ ನೋಡಿದರು. ಒಂದು ಹಳದಿ ಕಾಳಿದ್ದರೂ ಇಡೀ ತೆನೆ ಊಟದ ಬುಟ್ಟಿಗೆ. ಕೊನೆಗೆ ಪೂರ್ತಿ ಬಿಳಿ ಅಂತ ಉಳಿದದ್ದು ಒಂದು ಚಿಕ್ಕ ಬುಟ್ಟಿಯಷ್ಟು.

"ಇಷ್ಟೇನಾ?" ಅಂದಳು ಸೊಸೆ.

"ಅಂಗಡೀದು ಹಳದಿ ಆಗಿದ್ದಕ್ಕೆ ಇಷ್ಟಾದರೂ ಆರಿಸೋಕೆ ಆಯ್ತು," ಅಂದರು ಅತ್ತೆ. "ಅದೂ ಬಿಳಿ ಆಗಿದ್ದರೆ ಏನು ನೋಡಿ ಆರಿಸ್ತಿದ್ದೆ?"

ಕೆಳಗಿನ ಹೊಲದ ಕೊಯ್ಲು ಕೊನೆಗೆ ಉಳಿದಿತ್ತು. ಅತ್ತೆಯೂ ಕೈಜೋಡಿಸಿದರು. ಮೂರು ಸಾಲು ಆಚೆ ಅತ್ತೆ ಒಂದು ತೆನೆ ಮುರಿದು, ಸಿಪ್ಪೆ ಸರಿಸಿ, ಥಟ್ಟನೆ ಸುತ್ತ ನೋಡಿ, ಅದನ್ನು ನೆಲಕ್ಕೆ ಹಾಕಿ ಹಿಮ್ಮಡಿಯಿಂದ ಹೊಸಕಿದ್ದು ಸೊಸೆಗೆ ಗಿಡಗಳ ಸಂದಿನಿಂದ ಕಂಡಿತು. ಸ್ವಲ್ಪ ಮುಂದೆ ಹೋಗಿ ಮತ್ತೊಂದು ಸಲ ಹಾಗೇ ಮಾಡಿದರು. ಅತ್ತೆ ಆಚೆ ಹೋದಮೇಲೆ ಅವಳು ಹೋಗಿ ನೋಡಿದಳು. ಹೊಸಕಿದ್ದು ಹುಳ. ಬೆರಳುದ್ದದ, ಕೊಬ್ಬಿದ ಹುಳ, ಹಳದಿ ತೆನೆಯನ್ನೇ ತಿಂದು ಬೆಳೆದದ್ದು.

ಅವಳ ಬೆನ್ನು ಚುರ್ ಅಂದಿತು. ಕೊಟ್ಟಿಗೆಯ ಡಬ್ಬಿ ನೆನಪಾಯಿತು. ಅತ್ತೆಯಿದ್ದ ಸಾಲಿಗೆ ಹೋದಳು.

"ನನಗೆ ಕಾಣಬಾರದು ಅಂತ ಹೊಸಕಿದ್ರಾ?" ಅಂತ ಕೇಳಿದಳು.

ಅತ್ತೆ ತೆನೆ ಮುರಿಯುವುದು ನಿಲ್ಲಿಸಲಿಲ್ಲ. "ಎರಡೇ ಇದ್ದಿದ್ದು. ಸುಮ್ಮನೆ ನೀನು ಹೆದರ್ತೀಯಾ ಅಂತ."

ನಾನು ಹೇಳಲಿಲ್ಲವೇ ಅಂತ ಒಂದು ಮಾತು ಅನ್ನಲು ಅತ್ತೆಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಅವರು ಅನ್ನಲಿಲ್ಲ. ಮುಂದಿನ ಸಾಲಿಗೆ ಹೋದರು.

ಮನೆಗೆ ಬಂದು ಮಗಳಿಗೆ ಹೇಳಿದಾಗ ಅವಳು ಖಾಲಿ ಬೀಜದ ಚೀಲ ತಂದು, ಹಿಂಬದಿಯ ಸಣ್ಣ ಅಕ್ಷರ ಓದಿದಳು. ದೊಡ್ಡ ಚೀಲದ ಜೊತೆ ಒಂದು ಸಣ್ಣ ಪೊಟ್ಟಣ ಸಾಧಾರಣ ಬೀಜ ಇರುತ್ತದೆ, ಅದನ್ನು ಅಂಚಿಗೆ ತಪ್ಪದೆ ಬಿತ್ತಬೇಕು. ಹುಳಗಳಿಗೆ ತಿನ್ನಲು ಸಾಧಾರಣ ಗಿಡವೂ ಒಂದಿಷ್ಟು ಇದ್ದರೆ, ಅವು ಹೊಸ ಗಿಡಕ್ಕೆ ಒಗ್ಗಿಕೊಳ್ಳುವುದು ತಡವಾಗುತ್ತದೆ.

"ಆ ಪೊಟ್ಟಣ ಏನಾಯ್ತು?"

ಎಲ್ಲರೂ ಗಂಡನ ಕಡೆ ನೋಡಿದರು. "ಫ್ರೀ ಸ್ಯಾಂಪಲ್ ಅಂದುಕೊಂಡು ಕೋಳಿಗೆ ಹಾಕಿದೆ," ಅಂದ ಅವನು.

"ಈ ಮನೇಲಿ ಓದು ಬರೋದು ಕೋಳಿಗಳಿಗೆ ಮಾತ್ರ," ಅಂದರು ಅತ್ತೆ.

ಮುಂದಿನ ಬಿತ್ತನೆಗೆ ಬೀಜ ತರಲು ಸೊಸೆಯೇ ಅಂಗಡಿಗೆ ಹೋದಳು. ಹೊರಡುವಾಗ ಬಾಗಿಲಲ್ಲಿ ಅತ್ತೆಯನ್ನು ಕೇಳಿದಳು, "ಏನು ಮಾಡಲಿ ಅತ್ತೆ? ನೀವು ಬೇಡ ಅಂದ್ರೆ ತರಲ್ಲ."

"ಬೇಡ ಅಂದರೆ ಡಬ್ಬಿ ಯಾರು ಹೊರ್ತಾರೆ? ನಾನಾ?" ಅತ್ತೆ ಅವಳ ಮುಖವನ್ನೇ ನೋಡಿದರು. "ಆ ಡಬ್ಬಿ ನಿನ್ನ ಬೆನ್ನಿಗೆ ಹಾಕು ಅಂತ ನಾನು ಹೇಳಲ್ಲ. ಹೋಗು, ನಿನಗೆ ತಿಳಿದದ್ದು ತಾ."

ಅಂಗಡಿಯವನು ಹೊಸ ಚೀಲವೊಂದನ್ನು ಮೇಜಿನ ಮೇಲೆ ಇಟ್ಟ. "ನಿಮ್ಮ ಮನೆ ಕಷ್ಟ ಕೇಳಿದೆ. ನಿಮಗೇ ಹೇಳಿ ಮಾಡಿಸಿದ ಹಾಗೆ ಬಂದಿದೆ ನೋಡಿ. ಅದೇ ಗುಣ, ಹುಳ ಮುಟ್ಟಲ್ಲ. ಆದ್ರೆ ಕಾಳು ಬಿಳಿ. ಹಿಟ್ಟೂ ಬಿಳಿ. ಇನ್ನು ನಿಮ್ಮತ್ತೆ ತೆನೇಲಿ ಹಳದಿ ಬಿತ್ತು ಅಂತ ಗಲಾಟೇನೇ ಇಲ್ಲ."

ರೇಡಿಯೋ ಮಾವ ಆಗಲೇ ಎರಡು ಚೀಲ ಹೆಗಲಿಗೇರಿಸಿ ನಿಂತಿದ್ದ. "ತಗೋ ತಗೋ. ನಾನು ತಗೊಂಡಾಯ್ತು. ಬಿಳಿ ಅಂದ್ರೆ ಈಗ ಕೊಳ್ಳೋರು ಜಾಸ್ತಿ. ಬೆರೆತರೂ ನಿಮ್ಮತ್ತೆಗೆ ಗೊತ್ತೇ ಆಗಲ್ಲ!"

ಅವಳು ಚೀಲದ ಮೇಲಿನ ಚಿತ್ರ ನೋಡಿದಳು. ಥೇಟ್ ಅತ್ತೆಯ ತೆನೆ, ಇನ್ನೂ ಸ್ವಲ್ಪ ದಪ್ಪ. ಒಂದು ವರ್ಷದ ಹಿಂದೆ ಆಗಿದ್ದರೆ ಎರಡೂ ಕೈಯಲ್ಲಿ ಎತ್ತಿಕೊಂಡು ಓಡಿಬರುತ್ತಿದ್ದಳು.

"ಹಳದೀನೇ ಕೊಡಿ," ಅಂದಳು.

"ಯಾಕಮ್ಮ? ರೇಟು ಒಂದೇ."

"ಗೊತ್ತಾಗಲ್ಲ ಅಂದ್ರಲ್ಲ, ಅದಕ್ಕೇ. ನನ್ನ ಹೊಲದ್ದು ಆಚೆ ಹೋಗಿ ಬಿದ್ದರೆ ಬಿದ್ದ ಕಡೆ ಕಾಣಲಿ. ಮತ್ತೆ, ಆ ಸಣ್ಣ ಪೊಟ್ಟಣ ಎಲ್ಲಿ? ಅದೂ ಬೇಕು."

ಹೊರಗೆ ಬಂದು ರೇಡಿಯೋ ಮಾವನನ್ನು ತಡೆದು ನಿಲ್ಲಿಸಿದಳು. "ಮಾವ, ನಾವು ಮೊದಲು ಬಿತ್ತುತ್ತೀವಿ. ನೀವು ಇಪ್ಪತ್ತೈದು ದಿನ ಬಿಟ್ಟು ಬಿತ್ತಿ."

"ಇಪ್ಪತ್ತೈದು ದಿನ! ಅಷ್ಟು ದಿನ ನಾನೇನು ಹಾಡು ಹೇಳ್ಕೊಂಡು ಕೂರಲಾ?"

"ಹೇಗಿದ್ರೂ ಹೇಳ್ತೀರಲ್ಲ."

ಅವನು ಗಹಗಹಿಸಿ ನಕ್ಕ. ಆಮೇಲೆ ತಲೆ ಕೆರೆದುಕೊಂಡು, "ಹದಿನೈದು ದಿನ ಕಾಯ್ತೀನಿ. ಅದಕ್ಕಿಂತ ಹೆಚ್ಚು ನನ್ನ ಕೈಲಿ ಆಗಲ್ಲ ತಾಯಿ. ಮಣ್ಣು ಒಣಗಿಹೋಗುತ್ತೆ," ಅಂದ. ಹದಿನೈದು ಸಾಲದು ಅಂತ ಇಬ್ಬರಿಗೂ ಗೊತ್ತಿತ್ತು.

ದಾರಿಯುದ್ದಕ್ಕೂ ಅವಳಿಗೆ ಒಂದೇ ಯೋಚನೆ. ಹೇಳದೆ ಇದ್ದುಬಿಡಬಹುದು. ರೇಡಿಯೋ ಯಾವ ಬೀಜ ತಂದ ಅಂತ ಅತ್ತೆಗೆ ಯಾರು ಹೇಳಬೇಕು? ಗೇಟು ತೆಗೆಯುತ್ತಲೇ ಹೇಳಿಬಿಟ್ಟಳು. ಬಿಳಿಯದೂ ಬಂದಿದೆ, ಪಕ್ಕದ ಹೊಲಕ್ಕೆ ಅದೇ ಬೀಳುತ್ತದೆ, ಹದಿನೈದು ದಿನಕ್ಕಿಂತ ಹೆಚ್ಚು ಅವನು ಕಾಯುವುದಿಲ್ಲ. ಉಸಿರು ಬಿಡದೆ ಹೇಳಿ ಮುಗಿಸಿದಳು.

ಅತ್ತೆ ಬೀಜದ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಕಾಳುಗಳಲ್ಲಿ ಕೈಯಾಡಿಸಿದರು.

"ನಾಳೆ ಬಿತ್ತೋಣ," ಅಂದರು.

"ನಾಳೆನಾ? ಟ್ರಾಕ್ಟರಿನವನಿಗೆ ಹೇಳಿಯೇ ಇಲ್ಲ."

"ಇಷ್ಟು ಬೀಜಕ್ಕೆ ಟ್ರಾಕ್ಟರು ಯಾಕೆ? ಗುದ್ದಲಿ ಇದೆ, ನಾಲ್ಕು ಜನ ಇದೀವಿ. ಅವನಿಗಿಂತ ಎಷ್ಟು ಮುಂಚೆ ಆದರೆ ಅಷ್ಟು."

ಬೆಳಿಗ್ಗೆ ನಾಲ್ವರೂ ಮೇಲಿನ ಹೊಲಕ್ಕೆ ಹೋದರು. ಗಂಡ ಡೈರಿಗೆ ರಜೆ ಹೇಳಿದ್ದ. ಅವನು ಗುದ್ದಲಿಯಲ್ಲಿ ಸಾಲು ಬಿಡಿಸಿದ. ಮಗಳು ಹಗ್ಗ ಹಿಡಿದು ನೇರ ನೋಡಿದಳು. ಬೀಜ ಹಾಕುವುದು ಯಾವಾಗಲೂ ಅತ್ತೆಯ ಕೆಲಸ, ಬೇರೆಯವರನ್ನು ಮುಟ್ಟಗೊಡುತ್ತಿರಲಿಲ್ಲ. ಅವತ್ತು ಎರಡು ಸಾಲು ಹಾಕಿ, ಸೊಂಟ ಹಿಡಿದುಕೊಂಡು ನಿಂತು, ಬುಟ್ಟಿಯನ್ನು ಸೊಸೆಯ ಕಡೆ ಚಾಚಿದರು. "ಎರಡೆರಡು ಕಾಳು. ಒಂದು ಗೇಣು ಬಿಟ್ಟು."

ಸೊಸೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿದಳು. ಆಚೆ ರೇಡಿಯೋ ಮಾವನ ಹೊಲ ಇನ್ನೂ ಖಾಲಿಯಿತ್ತು. ಗಂಡ ಗುದ್ದಲಿಯ ಮೇಲೆ ಕೈಯೂರಿ ಅತ್ತ ನೋಡಿದ.

"ಅಮ್ಮ, ಇಷ್ಟೆಲ್ಲ ಮಾಡಿ, ಆಮೇಲೂ ಅವನ ಬಿಳೀದು ಬಂದು ನಮ್ಮ ಬಿಳೀದಕ್ಕೆ ಸೇರಿಬಿಟ್ಟರೆ? ಗೊತ್ತಾಗೋದು ಹೇಗೆ?"

ಅತ್ತೆ ಕಾಲಿನಿಂದ ಮಣ್ಣು ಸರಿಸಿ, ಸೊಸೆ ಹಾಕಿದ ಕಾಳು ಮುಚ್ಚಿದರು.

"ಗೊತ್ತಾಗಲ್ಲ ಕಣೋ," ಅಂದರು. "ಮುಂದಿನ ಸಾಲು ಬಿಡಿಸು."